ಅಂಟಿಸಿದ ಕೆಮ್ಮು

ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಸಾಕ್ಷ್ಯಚಿತ್ರ ಮಾಡುವ ತಂಡದಲ್ಲಿ ಸದ್ದು ಹಿಡಿಯುವುದು ಅವನ ಕೆಲಸ. ಕ್ಯಾಮೆರಾದವನು ಚಿತ್ರ ಹಿಡಿದರೆ ಇವನು ಉಳಿದದ್ದನ್ನೆಲ್ಲ ಹಿಡಿಯಬೇಕು: ಮಾತು, ಗಾಳಿ, ಹೆಜ್ಜೆ, ದೂರದ ನಾಯಿ. ಹಿಡಿಯಲು ಸಿಗದಿದ್ದರೆ ತಯಾರಿಸಿಕೊಳ್ಳಬೇಕು. ನದಿ ಉಳಿಸುವ ಹೋರಾಟದ ಬಗ್ಗೆ ಚಿತ್ರ ಮಾಡಿದಾಗ ಆ ನದಿಯಲ್ಲಿ ಸದ್ದು ಮಾಡುವಷ್ಟು ನೀರೇ ಉಳಿದಿರಲಿಲ್ಲ. ಕಿವಿಯಣ್ಣ ತನ್ನ ಬಚ್ಚಲುಮನೆಯಲ್ಲಿ ಕೂತು ಚೊಂಬಿನಿಂದ ಬಕೆಟ್ಟಿಗೆ ನೀರು ಸುರಿದು ಜುಳುಜುಳು ಮಾಡಿಕೊಂಡು ಬಂದ. ನೋಡಿದವರು ನದಿಯ ದನಿ ಕೇಳಿ ಕಣ್ಣೊರೆಸಿಕೊಂಡರು. ಅವನ ಹೆಂಡತಿ ಮಾತ್ರ, "ನಮ್ಮ ಬಕೆಟ್ಟಿಗೂ ಒಂದು ಪ್ರಶಸ್ತಿ ಕೊಡಿಸಿ" ಎಂದಳು.

ಇಂಥ ಕೈಚಳಕಕ್ಕೆಲ್ಲ ಅವನು ಎಂದೂ ನಾಚಿದವನಲ್ಲ. ಅಡುಗೆಗೆ ಉಪ್ಪು ಹಾಕಿದರೆ ಮೋಸವೇ ಎಂದು ವಾದಕ್ಕೆ ನಿಲ್ಲುತ್ತಿದ್ದ. ಉಪ್ಪು ಹಾಕಿ ರೂಢಿಯಾದ ಕೈ ಬೇರೆಯದನ್ನೂ ಹಾಕಲು ಯಾವಾಗ ಕಲಿಯಿತೋ ಅವನಿಗೇ ತಿಳಿಯಲಿಲ್ಲ. ನಾಚಿಕೆ ಅವನ ಬಾಗಿಲಿಗೆ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಲ್ಲು ಕೊಯ್ಯುವ ಮೇಸ್ತ್ರಿಯ ರೂಪದಲ್ಲಿ. ಅದನ್ನು ಹೇಳಬೇಕಾದರೆ ಆರು ತಿಂಗಳು ಹಿಂದಕ್ಕೆ ಹೋಗಬೇಕು.

ಆಗ ನಿರ್ದೇಶಕಿ ಕಲ್ಲಿನ ಶೆಡ್ಡೊಂದರ ಬಗ್ಗೆ ಚಿತ್ರ ಶುರುಮಾಡಿದ್ದಳು. ಇವನಿಗೆ ಆಕೆ ಅಕ್ಕ, ಆಕೆಗೆ ಇವನು ಅಣ್ಣ. ಇಬ್ಬರಲ್ಲಿ ಯಾರು ದೊಡ್ಡವರೆಂದು ಹದಿನೈದು ವರ್ಷದಿಂದ ಯಾರೂ ಕೇಳಿರಲಿಲ್ಲ. ಶೆಡ್ಡಿನಲ್ಲಿ ನಲವತ್ತು ಜನ. ನೆಲಕ್ಕೆ ಹಾಸುವ ಕಲ್ಲನ್ನು ತಿರುಗುವ ಗರಗಸದ ಚಕ್ರಕ್ಕೆ ಕೊಟ್ಟು ಕೊಯ್ಯುವುದು, ಉಜ್ಜಿ ಹೊಳಪು ಬರಿಸುವುದು ಅವರ ಕೆಲಸ. ಹಿಟ್ಟಿನ ಗಿರಣಿಯಲ್ಲಿ ಹಾರುವ ಹಾಗೆ ಬಿಳಿ ಧೂಳು ಹಾರಿ ಹುಬ್ಬು ರೆಪ್ಪೆಗಳ ಮೇಲೆಲ್ಲ ಕೂರುತ್ತಿತ್ತು. ಧೂಳು ಎಳೆದುಕೊಳ್ಳುವ ಯಂತ್ರ ಹಾಕಿಸಬೇಕೆಂದು ಕಾನೂನಿತ್ತು. ಧಣಿ ಹಾಕಿಸಿರಲಿಲ್ಲ. ನಲವತ್ತರಲ್ಲಿ ಹನ್ನೊಂದು ಮಂದಿಗೆ ಬಿಡದ ಕೆಮ್ಮು.

ಆದರೆ ಕೆಮ್ಮುವವರಲ್ಲಿ ಒಬ್ಬರೂ ಕ್ಯಾಮೆರಾದ ಮುಂದೆ ಬರಲಿಲ್ಲ. ಕಾಯಿಲೆಯೆಂದು ಗೊತ್ತಾದರೆ ಮಾರನೆಯ ದಿನವೇ ಮನೆಗೆ ಕಳಿಸುತ್ತಾರೆ, ಇನ್ನು ಬರುವವರು ಯಾರು? ಕೊನೆಗೆ ಎಲ್ಲರೂ ಸೇರಿ ಮೇಸ್ತ್ರಿಯನ್ನು ಮುಂದೆ ಮಾಡಿದರು. ಇಪ್ಪತ್ತೆರಡು ವರ್ಷ ಧೂಳು ಕುಡಿದರೂ ಅವರ ಎದೆ ಗುಂಡುಕಲ್ಲಿನ ಹಾಗಿತ್ತು.

"ನಾನ್ ಮಾತಾಡ್ತೀನಿ ಬಿಡಿ. ಕಾಯಿಲೆ ಅಂತ ನನ್ನನ್ನ ಆಚೆ ಹಾಕೋಕೆ ಆಗಲ್ವಲ್ಲ!" ಎಂದು ಮೇಸ್ತ್ರಿ ನಕ್ಕಿದ್ದರು.

ಅವರ ಅಂಗಿಯ ಗುಂಡಿಗೆ ಸಣ್ಣ ಮೈಕು ಸಿಕ್ಕಿಸಿದವನು ಕಿವಿಯಣ್ಣನೇ. ಮೇಸ್ತ್ರಿ ಮುಕ್ಕಾಲು ಗಂಟೆ ಮಾತಾಡಿದರು, ಒಂದು ಸಲವೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಕೊನೆಯಲ್ಲಿ, "ಹೊಳಪು ಅವರದು, ಧೂಳು ನಮ್ದು" ಎಂದು ಹೇಳಿ, ಟವೆಲಿನಿಂದ ಮುಖ ಒರೆಸಿಕೊಳ್ಳಲು ಆಚೆ ತಿರುಗಿದರು. ಕ್ಯಾಮೆರಾ ಅವರ ಬೆನ್ನಿನ ಮೇಲೆ ನಾಲ್ಕು ಸೆಕೆಂಡು ನಿಂತಿತು.

ಚಿತ್ರ ಜೋಡಿಸುತ್ತ ಆ ನಾಲ್ಕು ಸೆಕೆಂಡಿನ ಬಳಿ ಬಂದಾಗ ನಿರ್ದೇಶಕಿ ತಲೆ ಕೆರೆದುಕೊಂಡಳು. "ಇಲ್ಲಿ ಏನೋ ಖಾಲಿ ಅನ್ನಿಸುತ್ತೆ ಅಣ್ಣ. ಒಂದು ಕೆಮ್ಮು ಇದ್ದಿದ್ರೆ ನೋಡು..." ಎಂದವಳು ಮಾತು ಮುಗಿಸದೆ ಚಹಾ ತರಲು ಎದ್ದು ಹೋದಳು.

ಕಿವಿಯಣ್ಣನ ಕಂಪ್ಯೂಟರಿನಲ್ಲಿ 'ಕಸ' ಎಂಬ ಹೆಸರಿನ ಒಂದು ಮೂಲೆ ಇತ್ತು. ಹಿಂದಿನ ತಿಂಗಳು ಅವನು 'ಉಸಿರಿನಿಂದ ನೆಮ್ಮದಿ' ಎಂಬ ಇನ್ನೊಂದು ಚಿತ್ರಕ್ಕೆ ಸದ್ದು ಹಿಡಿದಿದ್ದ. ಉಸಿರಾಟ ಕಲಿಸುವ ಟೀಚರಮ್ಮ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯುತ್ತಿದ್ದಾಗ, ನೆಗಡಿಯಾಗಿದ್ದ ಇವನು ತಡೆಯಲಾರದೆ ಕೆಮ್ಮಿಬಿಟ್ಟಿದ್ದ. ಆಕೆ ಕಣ್ಣು ಬಿಡದೆಯೇ, "ಕೆಮ್ಮನ್ನೂ ಪ್ರೀತಿಯಿಂದ ಕಳಿಸಿಕೊಡಿ" ಎಂದಿದ್ದಳು. ಅವನು ಪ್ರೀತಿಯಿಂದ ಕತ್ತರಿಸಿ ಕಸಕ್ಕೆ ಹಾಕಿದ್ದ. ಈಗ ಅದನ್ನೇ ಎತ್ತಿ, ಸ್ವಲ್ಪ ತಗ್ಗಿಸಿ, ಹಿಂದೆ ಶೆಡ್ಡಿನ ಗದ್ದಲ ಸೇರಿಸಿ ಮೇಸ್ತ್ರಿಯ ಬೆನ್ನಿಗೆ ಅಂಟಿಸಿದ. ಎಷ್ಟು ಚೆನ್ನಾಗಿ ಕೂತಿತೆಂದರೆ ಅವನಿಗೇ ಕೆಮ್ಮು ಮೇಸ್ತ್ರಿಯದೇ ಅನ್ನಿಸಿತು.

ನಿರ್ದೇಶಕಿ ಚಹಾದೊಂದಿಗೆ ಬಂದು ಕೇಳಿದಳು. ಲೋಟ ಹಿಡಿದ ಕೈ ಹಾಗೇ ನಿಂತಿತು. "ಅರೆ, ಇದು ಎಲ್ಲಿತ್ತು?"

"ಇತ್ತು" ಎಂದ ಕಿವಿಯಣ್ಣ.

ಎರಡೇ ಅಕ್ಷರ. ಆಕೆ ನಂಬಿದಳು.

ಚಿತ್ರದ ಮೊದಲ ಪ್ರದರ್ಶನಕ್ಕೆ ಶೆಡ್ಡಿನ ಜನ ಒಗೆದ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಕೆಮ್ಮಿನ ಜಾಗ ಬಂದಾಗ ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಂಕೋಚಕ್ಕೆ ನಕ್ಕಿರಬೇಕು ಎಂದುಕೊಂಡ ಕಿವಿಯಣ್ಣ. ಮುಂದಿನ ಸಾಲಿನಲ್ಲಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡ. ವಾರದೊಳಗೆ ಶೆಡ್ಡಿಗೆ ಆದೇಶ ಹೋಯಿತು: ಎರಡು ತಿಂಗಳಲ್ಲಿ ಎಲ್ಲ ಚಕ್ರಗಳಿಗೂ ಧೂಳೆಳೆಯುವ ಯಂತ್ರ ಕೂರಿಸಬೇಕು. ತಂಡದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಿವಿಯಣ್ಣನೂ ತಬ್ಬಿಕೊಂಡ. ನಾಲ್ಕು ಸೆಕೆಂಡಿನ ಒಂದು ಸುಳ್ಳು ನಲವತ್ತು ಜನರ ಎದೆ ಉಳಿಸಿತಲ್ಲ, ಇರಲಿ ಬಿಡು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಇದಾಗಿ ಮೂರು ವಾರಕ್ಕೆ ಮೇಸ್ತ್ರಿ ಬಂದರು.

ಕಿವಿಯಣ್ಣನ ಕೆಲಸದ ಕೋಣೆ ಎಂದರೆ ಮಂಚ ಹಿಡಿಸುವಷ್ಟು ಜಾಗ. ಹೊರಗಿನ ಸದ್ದು ಒಳಬರದಂತೆ ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿದ್ದ. ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕೂತು ಗೋಡೆಗಳನ್ನು ನೋಡಿ, "ಗೋಡೆಗೂ ಚಳಿನಾ ಸಾರ್?" ಎಂದರು. ಆಮೇಲೆ ನಗು ಇಳಿಸಿ ಕೇಳಿದರು:

"ಒಂದು ವಿಷಯ ಕೇಳ್ಬೇಕಿತ್ತು. ನಾನು ಆವತ್ತು ಕೆಮ್ಮಿದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕಿವಿಯಣ್ಣನ ಕೈ ತನ್ನ ಗಂಟಲಿಗೆ ಹೋಯಿತು. "ಯಾಕೆ ಮೇಸ್ತ್ರಿ, ಏನಾಯ್ತು?"

"ಧಣಿ ಕರೆದ್ರು. 'ಚಿತ್ರದಲ್ಲಿ ನೋಡಿದೆ ಮೇಸ್ತ್ರಿ, ನಿನ್ನ ಎದೆ ಸರಿ ಇಲ್ಲ. ಆರೋಗ್ಯಕ್ಕಿಂತ ದೊಡ್ಡದು ಯಾವುದಿದೆ? ನಾಳೆಯಿಂದ ಮನೇಲಿ ಆರಾಮಾಗಿರು' ಅಂದ್ರು."

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಕೆಲಸದಿಂದ ತೆಗೆದಿದ್ದ. ಕಾಯಿಲೆಯವರನ್ನು ಧೂಳಿನಲ್ಲಿ ದುಡಿಸಬಾರದೆಂದು ಚಿತ್ರವೇ ಹೇಳಿತ್ತಲ್ಲ. ಧಣಿ ಚಿತ್ರದ ಮಾತನ್ನೇ ಪಾಲಿಸಿದ್ದ.

"ನನಗೆ ಕೆಮ್ಮಿಲ್ಲ ಧಣಿ ಅಂದೆ. 'ಹಾಗಾದ್ರೆ ಚಿತ್ರ ಸುಳ್ಳು ಅಂತ ಬರೆದು ರುಜು ಹಾಕು, ನಾಳೆನೇ ಚಕ್ರಕ್ಕೆ ನಿಲ್ಲು' ಅಂತ ಕಾಗದ ಮುಂದೆ ಇಟ್ರು."

"ಹಾಕಿದ್ರಾ?"

"ಹೆಂಗೆ ಹಾಕ್ಲಿ ಸಾರ್? ನಮ್ಮ ಹುಡುಗರೂ ಅಂತಾರೆ, 'ಮೇಸ್ತ್ರಿ, ಇದು ನಿಂದಲ್ಲ, ಇದು ಧೂಳಿನ ಕೆಮ್ಮೇ ಅಲ್ಲ, ನೆಗಡಿ ಕೆಮ್ಮು' ಅಂತ. ಚಿತ್ರ ನೋಡುವಾಗಲೇ ನಕ್ರು. ನಾನು ಅವರಿಗೆ ಬೈದೆ. ಅಷ್ಟು ಕಷ್ಟಪಟ್ಟು ಮಾಡಿದಾರೆ, ನಮ್ಮ ಪರವಾಗಿ ನಿಂತಿದಾರೆ, ಅವರು ಯಾಕ್ರೋ ಸುಳ್ಳು ಹಾಕ್ತಾರೆ ಅಂತ ಜಗಳ ಆಡಿದೀನಿ. ನಾನೇ ಕೆಮ್ಮಿರ್ಬೇಕು, ನನಗೆ ಗೊತ್ತಾಗಿಲ್ಲ. ತನ್ನ ಗೊರಕೆ ತನಗೆ ಕೇಳುತ್ತಾ?" ಮೇಸ್ತ್ರಿ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. "ಮೂರು ವಾರದಿಂದ ಬರೀ ಇದನ್ನೇ ಕೇಳಿಸ್ಕೊಂಡು ಕೂತಿದೀನಿ. ನನ್ನ ಹೆಂಡ್ತಿ ಬೇರೆ, ಮಲಗಿದ್ರೆ ಎದೆ ಮೇಲೆ ಕಿವಿ ಇಡ್ತಾಳೆ. ಡಾಕ್ಟರ ಹತ್ರ ಹೋಗೋಕೆ ಧೈರ್ಯ ಬರ್ತಿಲ್ಲ. ನೀವು ಆವತ್ತು ಕಿವಿಗೆ ಹಾಕ್ಕೊಂಡು ಕೇಳಿದವರು. ನಿಮಗೆ ಗೊತ್ತಿರುತ್ತೆ. ಹೇಳಿಬಿಡಿ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಕಿವಿಯಾರೆ ಕೇಳಿದ್ದಕ್ಕೆ ಯಾರೂ ಗಾದೆ ಕಟ್ಟಿಲ್ಲ. ಈ ಮೇಸ್ತ್ರಿಯೋ ತಮ್ಮ ಎದೆಗಿಂತ ಹೆಚ್ಚಾಗಿ ಇನ್ನೊಬ್ಬನ ಕಿವಿಯನ್ನು ನಂಬಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಕಿವಿಯಣ್ಣನಿಗೆ. ಒಂದು ಕ್ಷಣ 'ಇತ್ತು' ಎಂಬ ಅದೇ ಎರಡಕ್ಷರ ನಾಲಿಗೆಯ ತುದಿಗೆ ಬಂದದ್ದೂ ನಿಜ. ಅದನ್ನು ನುಂಗಿಕೊಂಡು, ಮಾತಾಡುವ ಧೈರ್ಯ ಸಾಲದೆ, ಆ ದಿನದ ಮೂಲ ಧ್ವನಿ ಹುಡುಕಿ ಹೆಡ್‌ಫೋನನ್ನು ಮೇಸ್ತ್ರಿಯ ಕಿವಿಗೆ ಹಾಕಿದ.

ಮೇಸ್ತ್ರಿ ತಮ್ಮದೇ ಮಾತು ಕೇಳಿದರು. 'ಧೂಳು ನಮ್ದು' ಆಯಿತು. ನಾಲ್ಕು ಸೆಕೆಂಡು ಟವೆಲಿನ ಸರಬರ, ಚಕ್ರದ ಗದ್ದಲ, ಬೇರೇನಿಲ್ಲ.

"ಇಲ್ಲ?"

"ಇಲ್ಲ ಮೇಸ್ತ್ರಿ. ನೀವು ಕೆಮ್ಮಲಿಲ್ಲ. ಅದು ನನ್ನ ಕೆಮ್ಮು. ನೆಗಡಿ ಆಗಿತ್ತು. ನಾನೇ ತಂದು ಹಾಕಿದೆ. ಯಾರೂ ಹೇಳ್ಲಿಲ್ಲ, ನಾನೇ."

ಮೇಸ್ತ್ರಿಯ ಮುಖ ಮೊದಲು ಅರಳಿತು. ಅದನ್ನೇ ಕಿವಿಯಣ್ಣ ತಡೆದುಕೊಳ್ಳಲಾರದೆ ಹೋದ. ಬೈಯುತ್ತಾರೆ, ಎದ್ದು ಎರಡು ಬಾರಿಸುತ್ತಾರೆ ಎಂದು ಮೈ ಬಿಗಿ ಹಿಡಿದುಕೊಂಡು ಕೂತಿದ್ದ. ಅವರು ಎದೆಯನ್ನು ಗುದ್ದಿಕೊಂಡು, "ಹಾಗಾದ್ರೆ ನನಗೇನೂ ಇಲ್ಲ! ಏನೂ ಇಲ್ಲ!" ಎಂದು ಎರಡು ಸಲ ಹೇಳಿದರು. ಆಮೇಲೆ ನಿಧಾನಕ್ಕೆ ಆ ಕೈ ಇಳಿಯಿತು. ಅಂದರೆ ತಮ್ಮ ಕೆಲಸ ಹೋದದ್ದು ಇನ್ನೊಬ್ಬನ ಕೆಮ್ಮಿಗೆ ಎಂಬುದು ಅವರಿಗೆ ಆಗ ಹೊಳೆಯಿತು.

"ಬನ್ನಿ, ಈಗಲೇ ಹೋಗೋಣ" ಎಂದ ಕಿವಿಯಣ್ಣ. "ಧಣಿ ಎದುರಿಗೆ ಇದನ್ನ ಹಾಕಿ ತೋರಿಸ್ತೀನಿ. ತಪ್ಪು ನಂದು ಅಂತ ಬರೆದುಕೊಡ್ತೀನಿ. ನಾಳೆ ನೀವು ಕೆಲಸಕ್ಕೆ ಹೋಗಿ."

ಮೇಸ್ತ್ರಿ ಎದ್ದವರು ಅರ್ಧಕ್ಕೇ ನಿಂತರು. "ಧಣಿ ಅದನ್ನ ತಗೊಂಡು ಏನ್ಮಾಡ್ತಾರೆ?"

ಚಪ್ಪಲಿ ಹುಡುಕುತ್ತಿದ್ದ ಕಿವಿಯಣ್ಣ ತಲೆ ಎತ್ತಿದ.

"ನೆಟ್ಟಗೆ ಅಧಿಕಾರಿ ಹತ್ರ ಹೋಗ್ತಾರೆ. ಒಂದು ಸುಳ್ಳು ಸಿಕ್ರೆ ಸಾಕು, ಉಳಿದಿದ್ದೆಲ್ಲ ಸುಳ್ಳು ಅಂತಾರೆ. ಹದಿನಾರು ಚಕ್ರದಲ್ಲಿ ಮೂರಕ್ಕೆ ಯಂತ್ರ ಕೂರಿಸಿದಾರೆ ಸಾರ್. ಮೂರೇ. ಅಲ್ಲಿಗೇ ನಿಲ್ಲಿಸ್ತಾರೆ." ಮತ್ತೆ ಕೂತು, ತಮ್ಮಷ್ಟಕ್ಕೆ ಲೆಕ್ಕ ಹಾಕುವವರ ಹಾಗೆ ಬೆರಳು ಮಡಿಚಿದರು. "ಬೇಡ. ಇನ್ನು ಐದು ವಾರ. ಅಷ್ಟರಲ್ಲಿ ಎಲ್ಲಕ್ಕೂ ಹಾಕ್ತಾರೆ. ಅಲ್ಲೀತನಕ ನಾನು ಮನೇಲೇ ಇರ್ತೀನಿ. ನೀವು ಬಾಯಿ ಬಿಡಬೇಡಿ."

ಇಲ್ಲೊಂದು ಮಾತು ಹೇಳಲೇಬೇಕು, ಹೇಳದೆ ಮುಚ್ಚಿಟ್ಟರೆ ನಾವೂ ಕಿವಿಯಣ್ಣನ ಸಾಲಿಗೇ ಸೇರುತ್ತೇವೆ. ಆ ಮಾತು ಕೇಳಿದಾಗ ಅವನಿಗೆ ಮೊದಲು ಆದದ್ದು ಸಮಾಧಾನ. ಸದ್ಯ, ಯಾರಿಗೂ ಗೊತ್ತಾಗುವುದಿಲ್ಲ, ನಿರ್ದೇಶಕಿ ಅಕ್ಕನ ಮುಂದೆ ನಿಲ್ಲಬೇಕಾಗಿಲ್ಲ ಎಂದು ಹೆಗಲು ಹಗುರಾಯಿತು. ಹಗುರಾದದ್ದು ಗೊತ್ತಾದ ಮರುಕ್ಷಣ ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಎದುರಿಗಿರುವವನು ಕೆಲಸ ಬಿಟ್ಟುಕೊಡುತ್ತಿದ್ದಾನೆ, ತಾನು ಹೆಸರು ಉಳಿಯಿತೆಂದು ಉಸಿರು ಬಿಡುತ್ತಿದ್ದೇನೆ. ಇಷ್ಟು ಸಣ್ಣವನೆಂದು ತನ್ನನ್ನು ಅವನು ಎಂದೂ ತಿಳಿದುಕೊಂಡಿರಲಿಲ್ಲ.

"ಮನೆಯವರಿಗಾದ್ರೂ ನಿಜ ಹೇಳಿ ಮೇಸ್ತ್ರಿ. ನಾನೇ ಬಂದು ಹೇಳ್ತೀನಿ."

"ಅವಳಿಗಾ? ಅವಳ ಬಾಯಿಗೆ ಬಾಗಿಲೇ ಇಲ್ಲ. ಸಂತೋಷಕ್ಕೆ ಇಡೀ ಬೀದಿಗೆ ಹೇಳ್ಕೊಂಡು ಬರ್ತಾಳೆ." ಮೇಸ್ತ್ರಿ ನಗಲು ನೋಡಿದರು, ಆಗಲಿಲ್ಲ. "ಐದು ವಾರ ಅಳ್ಲಿ. ಏನ್ಮಾಡೋಕಾಗುತ್ತೆ."

ಆ ಕೋಣೆಯಲ್ಲಿ ಸುಮ್ಮನಿದ್ದರೆ ನಿಜವಾಗಿಯೂ ಏನೂ ಕೇಳುವುದಿಲ್ಲ.

"ಆದ್ರೆ ಒಂದಿದೆ" ಎಂದರು ಮೇಸ್ತ್ರಿ. "ಗುರುವಾರ ಆ ಅಧಿಕಾರಿ ಕಾಯಿಲೆ ಬಗ್ಗೆ ನನ್ನ ಹೇಳಿಕೆ ಬರ್ಕೊಳ್ಳೋಕೆ ಮನೆಗೆ ಬರ್ತಾರಂತೆ. ಧಣಿ ಕಡೆಯವರೂ ಜೊತೆಗಿರ್ತಾರೆ. ನಾನು ಹಿಂಗೇ ಗುಂಡುಕಲ್ಲಿನ ಥರ ಕೂತಿದ್ರೆ ಅನುಮಾನ ಬರುತ್ತೆ. ಕೆಮ್ಮಬೇಕಾಗುತ್ತೆ."

"ಮೇಸ್ತ್ರಿ, ಬೇಡ."

"ನಿಮ್ಮದರ ಥರ ಕೆಮ್ಮಿದ್ರೆ ಸಿಕ್ಕಿಬೀಳ್ತೀನಿ. ಅದು ಗಂಟಲಿಂದ ಬಂದಿದ್ದು. ಧೂಳಿಂದು ಹಂಗಿರಲ್ಲ." ಅವರು ಕಾಲು ಅಗಲಿಸಿ, ಎರಡೂ ಕೈ ಮೊಣಕಾಲಿಗೆ ಊರಿದರು. "ನನ್ನ ಭಾವಂದು ನಾಲ್ಕು ವರ್ಷ ಕೇಳಿದೀನಿ, ಪಕ್ಕದ ಚಕ್ರದಲ್ಲೇ ಇದ್ದ. ಹೋಗೋ ದಿನದವರೆಗೂ ಕೇಳಿದೀನಿ."

ಮೇಸ್ತ್ರಿ ಕೆಮ್ಮಿದರು. ಒಣಗಿದ್ದು, ಗಿಡ್ಡದು, ಒಂದರ ಹಿಂದೊಂದು ಹೊಟ್ಟೆಯ ಬುಡದಿಂದ ಕಿತ್ತು ಬಂದದ್ದು. ಕೊನೆಯದರ ಬಾಲಕ್ಕೆ ಒಂದು ಸಣ್ಣ ಸಿಳ್ಳೆ. ಸತ್ತ ಮನುಷ್ಯನೊಬ್ಬ ಆ ಕಂಬಳಿಯ ಕೋಣೆಯಲ್ಲಿ ಬಂದು ಕೂತ ಹಾಗಾಯಿತು. ಕಿವಿಯಣ್ಣನ ಮನಸ್ಸು ಏನಾದರೂ ಯೋಚಿಸುವ ಮೊದಲೇ ಅವನ ಬಲಗೈ ಮುಂದೆ ಚಾಚಿ ರೆಕಾರ್ಡಿಂಗಿನ ಗುಂಡಿಯ ಮೇಲೆ ಕೂತಿತ್ತು. ಅದನ್ನು ಕಂಡು ಬಿಸಿ ತಾಗಿದವನಂತೆ ಹಿಂದಕ್ಕೆ ಎಳೆದುಕೊಂಡ. ಮೇಸ್ತ್ರಿಯೂ ನೋಡಿದರು.

ಕಣ್ಣಲ್ಲಿ ಬಂದ ನೀರನ್ನು ತೋಳಿಗೆ ಒರೆಸಿಕೊಂಡು, "ಆಯ್ತಾ ಸಾರ್?" ಎಂದು ಕೇಳಿದರು. "ಸದ್ದಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು. ಹೇಳಿ, ಸರಿಯಾಗಿ ಬಂತಾ?"

ಅವರು ಕಾಯುತ್ತಿದ್ದರು. ಇಲ್ಲ ಎಂದರೆ ಇನ್ನೊಮ್ಮೆ ಕೆಮ್ಮುತ್ತಾರೆ.

"ಸರಿಯಾಗಿ ಬಂತು" ಎಂದ ಕಿವಿಯಣ್ಣ.