ಒಳಪದರ

"ಏನಮ್ಮಾ ತಾಯಿ, ಯಾರು ಹೇಳಿದ್ರು ನಿಂಗೆ ಈ ಉಪಕಾರ ಮಾಡು ಅಂತ?" ಕಾರ್ಖಾನೆಯ ಮೇಸ್ತ್ರಿ ವಾಪಸು ಬಂದ ಪೆಟ್ಟಿಗೆಯನ್ನು ಅವಳ ಹೊಲಿಗೆ ಮೇಜಿನ ಮೇಲೆ ಸುರಿದ. ಸೈನಿಕರ ಕೈಗವಸುಗಳು; ಅಷ್ಟೂ ಅವಳೇ ಹೊಲಿದವು. ಒಂದನ್ನು ಒಳಹೊರಗು ಮಾಡಿ ಅವಳ ಮೂಗಿನ ಮುಂದೆ ಹಿಡಿದ. ಒಳಗೆ ಉಣ್ಣೆಯ ಪದರವಿತ್ತು.

ಮೊದಲೆಲ್ಲ ಆ ಪದರ ಇದ್ದೇ ಇರುತ್ತಿತ್ತು. ಈ ವರ್ಷ ಸೇನೆಯ ಖರೀದಿಯ ನಿಯಮ ಬದಲಾಗಿ, ಯಾರು ಅಗ್ಗಕ್ಕೆ ಕೊಡುತ್ತಾರೋ ಅವರಿಗೇ ಗುತ್ತಿಗೆ ಎಂದಾದ ಮೇಲೆ ಪದರಕ್ಕೆ ಕತ್ತರಿ ಬಿತ್ತು. ಕುರ್ಚಿಯಲ್ಲಿ ಕೂತು ನಿಯಮ ಬರೆಯುವವರಿಗೇನು, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅವಳ ಗಂಡ ಆ ಬೆಟ್ಟದ ಮೇಲೇ ಇದ್ದ, ಹಿಮದಲ್ಲಿ, ಕಾವಲಿಗೆ. ಯಾವ ಜೊತೆ ಯಾರ ಕೈ ಸೇರುತ್ತದೋ ದೇವರೇ ಬಲ್ಲ. ಹಾಗೆಂದೇ ಅವಳು ಮೂಲೆಯಲ್ಲಿ ಬಿದ್ದಿದ್ದ ಉಣ್ಣೆಯ ತುಂಡುಗಳನ್ನೆಲ್ಲ ಹೆಕ್ಕಿ, ತನ್ನ ಪಾಲಿನ ಪ್ರತಿಯೊಂದು ಜೊತೆಗೂ ಹಚ್ಚಿದ್ದಳು.

"ಚೆನ್ನಾಗೇ ಇದೆಯಲ್ಲಣ್ಣಾ?"

"ಚೆನ್ನಾಗಿರೋದೇ ತಪ್ಪು! ಅವ್ರು ಒಪ್ಪಿರೋ ಮಾದರಿ ಹೆಂಗಿದೆಯೋ ಹಂಗೇ ಇರ್ಬೇಕು. ತೂಕ ಜಾಸ್ತಿ ಬಂತು, ಪರೀಕ್ಷೆ ಮಾಡೋರು ತಳ್ಳಿಹಾಕಿದ್ರು." ಮೇಸ್ತ್ರಿ ದನಿ ತಗ್ಗಿಸಿದ. "ನಿನ್ ಸಂಕಟ ನಂಗೆ ಗೊತ್ತಿಲ್ವೇನಮ್ಮಾ? ಬಿಚ್ಚಾಕು. ಇವತ್ತೇ ಮಾಲು ಹೋಗ್ಬೇಕು."

ಕೈಯಾರೆ ಹೊಲಿದದ್ದನ್ನು ಕೈಯಾರೆ ಬಿಚ್ಚುವ ಕೆಲಸ ಶತ್ರುವಿಗೂ ಬೇಡ. ಕತ್ತರಿಯ ತುದಿಯಿಂದ ಹೊಲಿಗೆ ಬಿಡಿಸುತ್ತ ಕೂತವಳಿಗೆ ಗಂಡನ ಕೈ ಕಣ್ಣಿಗೆ ಕಟ್ಟಿತು: ಅಗಲ ಅಂಗೈ, ಮೊಂಡು ಬೆರಳು. ರಜೆಗೆ ಬಂದಾಗ ನಿದ್ದೆಯಲ್ಲೂ ಅವಳ ಮಣಿಕಟ್ಟು ಬಿಡದ ಕೈ. ಆ ಕೈ ಈಗ, ಈ ಕ್ಷಣ ಬೇಕೆನಿಸಿತು.

ಚಳಿಗಾಲ ಬಲಿತ ಮೇಲೆ ಒಂದು ಮಧ್ಯಾಹ್ನ ಅವನ ಫೋನ್ ಬಂತು.

"ಹೊಸ ಕೈಗವಸು ಕೊಟ್ರು ಕಣೇ. ನಿಮ್ ಕಾರ್ಖಾನೆ ಮುದ್ರೆನೇ ಇದೆ! ನನ್ ಹೆಂಡ್ತಿ ಹೊಲಿದಿದ್ದು ಅಂತ ಎಲ್ರಿಗೂ ತೋರಿಸ್ಕೊಂಡು ಬಂದೆ."

"ಬೆಚ್ಚಗಿದೆಯೇನ್ರೀ?"

"ಬೆಚ್ಚಗಾ? ಒಲೆ ಮುಂದೆ ಕೂತಂಗಿದೆ. ಬೆವರು ಬರುತ್ತೆ ಅಂದ್ರೆ!"

ಸುಳ್ಳು ಹೇಳುವುದರಲ್ಲಿ ಅವನು ಮದುವೆಯಾದ ದಿನದಿಂದಲೂ ದಡ್ಡ. ಅಳತೆ ಮೀರಿ ಹೇಳಿಬಿಡುತ್ತಾನೆ. ನಗಬೇಕೆಂದುಕೊಂಡಳು, ಆಗಲಿಲ್ಲ. "ಮತ್ತೇನ್ರೀ ಸಮಾಚಾರ?" ಎಂದಳು, ಮಾತು ಮುಗಿದುಹೋಗದಿರಲೆಂದು.

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಅವನು ಬೆರಳುಗಳಿಗೆ ಬಾಯಿಂದ ಬಿಸಿಯುಸಿರು ಊದಿಕೊಳ್ಳುವ ಸದ್ದು ಕೇಳಿಸುತ್ತಿತ್ತು, ಮತ್ತೆ, ಮತ್ತೆ.