ಮೂರನೇ ಕಿಂಡಿಯ ಹಲಗೆ

ನಾನು ಒಂದು ಹಲಗೆ. ಬೋಗಿ ಮರದಿಂದ ನನ್ನನ್ನು ಕೊಯ್ದಾಗ ಬಾಗಿಲೋ ಮಂಚವೋ ಆಗುತ್ತೇನೆಂದು ಆಸೆಪಟ್ಟಿದ್ದೆ. ಸೇರಿದ್ದು ಕುಂದಾಪುರದ ಕಡೆಯ ಒಂದು ಸಣ್ಣ ಹೊಳೆಯ ಕಿಂಡಿ ಅಣೆಕಟ್ಟಿಗೆ. ಕಂಬಗಳ ನಡುವಿನ ಕಿಂಡಿಗಳಲ್ಲಿ ನಮ್ಮನ್ನು ಒಂದರ ಮೇಲೊಂದು ಇಳಿಸಿದರೆ ಸಮುದ್ರದ ಉಪ್ಪು ನೀರು ಮೇಲೆ ಬಾರದು, ಸಿಹಿ ನೀರು ಕೆಳಗೆ ಓಡದು.

ನಮ್ಮನ್ನು ನೋಡಿಕೊಳ್ಳುತ್ತಿದ್ದವನು ಸೂರ ಮರಕಾಲ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಹೆಚ್ಚಾಗಿ ಅವನ ಬಿರುಕು ಬಿಟ್ಟ ಪಾದಗಳೇ. ಮಳೆ ನಿಂತ ಮೇಲೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಿದ್ದ. ಮಳೆಗಾಲಕ್ಕೆ ಮೊದಲು, ನೆರೆಗೆ ದಾರಿಯಾಗಲೆಂದು, ನಮ್ಮನ್ನು ಎತ್ತಿ, ತೊಳೆದು, ನೆರಳಲ್ಲಿ ಒಣಗಿಸಿ ಹುಳು ಹಿಡಿಯದಂತೆ ಗೇರೆಣ್ಣೆ ಬಳಿಯುತ್ತಿದ್ದ. ಕಿಂಡಿಗಳೆಲ್ಲ ಒಂದೇ ಅಳತೆಯವಲ್ಲ. ಅದಕ್ಕೇ ಪ್ರತಿ ಹಲಗೆಯ ತುದಿಯಲ್ಲಿ ಉಳಿಯಿಂದ ಗೀಟು ಕೊರೆದಿದ್ದ. ನನಗೆ ಮೂರು ಗೀಟು, ಮೂರನೇ ಕಿಂಡಿ. ಹೊಳೆಯ ಹೂಳನ್ನು ಊರವರು ಬುಟ್ಟಿಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕುತ್ತಿದ್ದರು.

ಆಮೇಲೆ ದೋಣಿ ವಿಹಾರ ಸಮಿತಿ ಬಂತು. ಅಧ್ಯಕ್ಷ ಸದಾರಾಮ ಹೆಗ್ಡೆಯವರು ಯಂತ್ರ ತರಿಸಿ ಹೂಳೆತ್ತಿಸಿದರು, ದಡದಲ್ಲೇ ರಾಶಿ ಹಾಕಿಸಿ ಫೋಟೋ ತೆಗೆಸಿಕೊಂಡರು. ಮಳೆ ಬಂತು, ಹೂಳು ಪುನಃ ಹೊಳೆಗೇ ಇಳಿಯಿತು. ದೋಣಿಯ ತಳ ಕೆಸರಿಗೆ ತಾಗತೊಡಗಿದಾಗ, ನೀರು ಏರಲೆಂದು, ನಮ್ಮ ಮೇಲೆ ಇನ್ನೊಂದು ಹಲಗೆ ಏರಿಸಿದರು. ಅಷ್ಟೂ ಸಾಲದೆಂದು, ಪ್ರವಾಸಿಗರಿಗೆ ಚಂದ ಕಾಣಲೆಂದು ನಮಗೆ ನೀಲಿ ಪೇಂಟು ಹೊಡೆಸಿದರು. ಪೇಂಟಿನವರು ಪಾಪ, ಗೀಟುಗಳನ್ನು ಹುಳುಕೆಂದುಕೊಂಡು ತೂತು ಮುಚ್ಚುವ ಲಪ್ಪ ಮೆತ್ತಿ ನಯ ಮಾಡಿಬಿಟ್ಟರು. ಆ ವರ್ಷ ಹಲಗೆ ಇಳಿಸುವ ಹೊತ್ತಿಗೆ ಸೂರ ಜ್ವರದಲ್ಲಿ ಮಲಗಿದ್ದ. ಸಮಿತಿಯ ಆಳುಗಳು ನನ್ನನ್ನು ಎರಡನೇ ಕಿಂಡಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದರು.

ಜೂನ್ ಬಂತು. ಸೂರ ಅಣೆಕಟ್ಟಿನ ಮೇಲಿನ ಸೇತುವೆಯಲ್ಲಿ ನಿಂತು ಹೆಗ್ಡೆಯವರನ್ನು ಅಂಗಲಾಚಿದ.

"ಹೆಗ್ಡ್ರೆ, ಗುಡ್ಡಿ ಬದಿ ಮೋಡ ಕಾಣಿ. ಹಲ್ಗಿ ಇವತ್ತೇ ತೆಗಿಕ್."

"ಆಯ್ತಾರ ಒಂದ್ ಕಳೀಲಿ ಮಾರಾಯಾ. ದೋಣಿಗೆ ಜನ ಬತ್ರ್."

ಆ ಭಾನುವಾರಕ್ಕೂ ಮೊದಲು, ಶನಿವಾರ ಮಧ್ಯಾಹ್ನವೇ ನೆರೆ ಬಂತು. ನೀರು ದಡ ಹತ್ತಿ ಕೆಳಗಿನ ಮನೆಗಳ ಅಂಗಳಕ್ಕೆ ನುಗ್ಗಿತು. ಸೂರ ಹಾರೆ ಹಿಡಿದು ಇಳಿದ. ಮೊದಲ ಕಿಂಡಿ ತೆರೆದ. ಎರಡನೆಯದರಲ್ಲಿ ಮೇಲಿನ ಹಲಗೆ ಬಂತು, ನಾನು ಬರಲಿಲ್ಲ. ನನ್ನದಲ್ಲದ ಕಿಂಡಿಯಲ್ಲಿ ನೀರು ಕುಡಿದು ಉಬ್ಬಿ ಸಿಕ್ಕಿಕೊಂಡಿದ್ದೆ. "ಬಾ ಮಗಾ, ಬಾ" ಎಂದ. ಮರಕ್ಕೆ ಹಾಗೆ ಹೇಳಿದವನು ಅವನೊಬ್ಬನೇ. ಹಾರೆ ಜಾರಿ ಹೋದಾಗ ಎರಡೂ ಕೈಯಲ್ಲಿ ನನ್ನನ್ನು ತಬ್ಬಿ ಎಳೆದ. ನಾನು ಒಮ್ಮೆಗೇ ಕಿತ್ತು ಬಂದೆ, ಅವನೂ ನನ್ನ ಜೊತೆ ಬಂದ. ತಿರುವಿನಲ್ಲಿ ಅವನ ಕೈ ಬಿಟ್ಟುಹೋಯಿತು. ನಾನು ತೇಲಿದೆ. ಅವನು ಮರುದಿನ ಅಳಿವೆಯಲ್ಲಿ ಸಿಕ್ಕಿದ.

ಹಲಗೆ ಹಳತಾಗಿತ್ತು ಎಂದು ಸಮಿತಿ ಬರೆದುಕೊಂಡಿತು.

ಈಗ ಅಲ್ಲಿ ಕಬ್ಬಿಣದ ಗೇಟು. ತೇಲಿ ಹೋಗಿದ್ದ ನನ್ನನ್ನು ಹುಡುಕಿ ತಂದು ಬೆಂಚು ಮಾಡಿದರು; ನಾನು ದೋಣಿಕಟ್ಟೆಯ ಬೆಂಚು, ಬೆನ್ನಿಗೆ ಸೂರನ ಹೆಸರು. ಹೆಗ್ಡೆಯವರು ನನ್ನ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತು, ಹೊಳೆಗಾಗಿ ಜೀವ ಕೊಟ್ಟವನ ಕಥೆಯನ್ನು ಪ್ರವಾಸಿಗರಿಗೆ ಹೇಳುತ್ತಾರೆ. ಸೂರನ ಹೆಂಡತಿ ಚಿಕ್ಕುವಿಗೆ ಅಲ್ಲೇ ಗುಡಿಸುವ ಕೆಲಸ ಕೊಟ್ಟಿದ್ದಾರೆ. ದಣಿದ ಮಧ್ಯಾಹ್ನ ಅವಳು ನನ್ನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಅವನು ಕೊನೆಗೆ ತಬ್ಬಿದ್ದು ನನ್ನನ್ನೇ ಎಂದು ಅವಳಿಗೆ ಯಾರೂ ಹೇಳಿಲ್ಲ.