ಆರು ಪ್ಲಸ್ ಆರು

"ಹಳೇದರ ಮೇಲೆ ಏನಾದ್ರೂ ಬರೆದಿತ್ತಾ?" ಎಂದು ಗ್ರೀಸಣ್ಣ ಕೇಳಿದಾಗ ಕನ್ನಡಕದಂಗಡಿಯವನು ತಡಮಾಡದೆ, "ಏನೂ ಇರ್ಲಿಲ್ಲ" ಎಂದ. ಹಾಗೆನ್ನುವಾಗ ಅವನ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. ಬರೆದದ್ದು ಆ ಜೇಬಿನಲ್ಲೇ ಇತ್ತು.

ಕೌಂಟರಿನ ಮೇಲೆ ಹಳೆಯ ಮೋಟಾರ್ ಸೈಕಲ್ಲಿನ ಇಗ್ನಿಷನ್ ಕಾಯಿಲ್ ಬಿದ್ದುಕೊಂಡಿತ್ತು. ಎಂಜಿನ್ನಿಗೆ ಕಿಡಿ ಕೊಡುವ, ಹಿಡಿಯಲ್ಲಿ ಹಿಡಿಸುವಷ್ಟು ಡಬ್ಬಿ. ತಳ ಬಿರಿದು ಎಣ್ಣೆ ಸೋರಿತ್ತು. ಮೇಲಿನ ಅಚ್ಚನ್ನು ತುಕ್ಕು ತಿಂದಿತ್ತು. ಇದರ ಜೋಡಿ ಮನೆಯಲ್ಲಿತ್ತು, ಅದರ ಕತೆಯೂ ಇಷ್ಟೇ. ಹಳೇ ಬೈಕುಗಳ ಬಿಡಿಭಾಗ ಮಾರುವ ಗ್ರೀಸಣ್ಣ ಮೂರು ಜೊತೆ ತಂದು ಸಾಲಾಗಿ ಇಟ್ಟ. ಮೊದಲನೆಯದು ಕಂಪನಿಯ ಅಸಲಿ ಮಾಲು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವಂಥದ್ದು. ಎರಡನೆಯದು ಹೊಸದೇ, ಆದರೆ ಯಾರು ಮಾಡಿದ್ದೋ ಊರು ಪತ್ತೆಯಿಲ್ಲ, ಹನ್ನೆರಡು ವೋಲ್ಟಿನದು. ಮೂರನೆಯದು ಯಾವುದೋ ಗುಜರಿ ಬೈಕಿನಿಂದ ಬಿಚ್ಚಿದ್ದು, ಆರು ವೋಲ್ಟಿನದು, ಎಲ್ಲಕ್ಕಿಂತ ಅಗ್ಗ.

"ಬ್ಯಾಟರಿ ಎಷ್ಟರದ್ದು?"

"ಹನ್ನೆರಡು."

"ಎರಡೂ ಕಾಯಿಲ್ ಒಂದೇ ಸಾಲಲ್ಲಿ ಕಟ್ಟಿದ್ಯಾ, ಬೇರೆ ಬೇರೆನಾ?"

"ಬೇರೆ ಬೇರೆ. ಒಂದೊಂದು ಸಿಲಿಂಡರಿಗೆ ಒಂದೊಂದು." ವೈರು ಹೇಗೆ ಕಟ್ಟಿದೆಯೆಂದು ಅವನು ನೋಡಿರಲಿಲ್ಲ. ನೋಡಬೇಕೆಂದೂ ಅನ್ನಿಸಿರಲಿಲ್ಲ. ಇಪ್ಪತ್ತು ವರ್ಷದಿಂದ ಜನರ ಕಣ್ಣಿಗೆ ಗಾಜು ತಿಕ್ಕಿಕೊಡುವವನು ಅವನು. ಎರಡು ಕಣ್ಣಿದ್ದರೆ ಒಂದೊಂದಕ್ಕೂ ಅದರದರ ಪೂರ್ತಿ ನಂಬರು ಕೊಡಬೇಕು, ಎಡಗಣ್ಣಿಗೆ ಅರ್ಧ ಬಲಗಣ್ಣಿಗೆ ಅರ್ಧ ಹಂಚಿದರೆ ಗಿರಾಕಿ ಗೋಡೆಗೆ ಹಾಯುತ್ತಾನೆ. ಬ್ಯಾಟರಿ ಹನ್ನೆರಡಾದರೆ ಕಾಯಿಲ್ಲೂ ಹನ್ನೆರಡೇ ಆಗಬೇಕು. ಎರಡನೇ ಜೊತೆಯನ್ನು ಕಟ್ಟಿಸಿಕೊಂಡು ಹೊರಟ.

ಬೈಕು ಅವನ ಹೆಂಡತಿಯ ಮೊದಲ ಗಂಡನದು. ಕರೆಂಟು ಕಂಪನಿಯಲ್ಲಿ ಲೈನ್‌ಮನ್ ಆಗಿದ್ದ ಅವನು ಜ್ವರದಲ್ಲಿ ತೀರಿಕೊಂಡು ಏಳು ವರ್ಷವಾಗಿತ್ತು. ಇವನು ಅವಳನ್ನು ಮದುವೆಯಾಗಿ ಮೂರು. ಬದುಕಿರುವವನ ಮೇಲಾದರೆ ಜಗಳಕ್ಕಾದರೂ ಹೋಗಬಹುದು. ಸತ್ತವನನ್ನು ಏನು ಮಾಡುವುದು? ಅವನಿಗೆ ಬೊಜ್ಜು ಬರುವುದಿಲ್ಲ, ಕೂದಲು ಉದುರುವುದಿಲ್ಲ, ಗೊರಕೆಯಂತೂ ಇಲ್ಲವೇ ಇಲ್ಲ. ಹೆಂಡತಿ ಶೆಡ್ಡಿಗೆ ಹೋಗಿ ಬೈಕಿನ ಧೂಳು ಒರೆಸುವ ಸದ್ದಿಗೇ ಇವನ ಹೊಟ್ಟೆ ಉರಿಯುತ್ತಿತ್ತು. ಹಿಂದಿನ ಸೀಟಿನ ಹಿಡಿಕೆಯ ಕಂಬಿಯಲ್ಲಿ ಎರಡು ಕಡೆ ಬಣ್ಣ ಸವೆದು ಬಿಳಿ ಲೋಹ ಕಾಣುತ್ತಿತ್ತು. ಅವಳ ಕೈಗಳ ಗುರುತು. ಸದ್ಯ, ಕಂಬಿ ಹಿಡಿದಿದ್ದಳು, ಸೊಂಟವನ್ನಲ್ಲ ಎಂಬುದೊಂದೇ ಅವನಿಗಿದ್ದ ಸಮಾಧಾನ.

ಹೋದ ವಾರ ಅವಳೇ ಒಂದು ಕವರಿನಲ್ಲಿ ತನ್ನ ಉಳಿತಾಯ ತಂದು ಕೊಟ್ಟಿದ್ದಳು. "ಕಾಯಿಲ್ ಒಂದು ಹಾಕಿಸಿ ನೋಡೋಣ ಕಣ್ರೀ. ಇದೇ ಕೊನೆ. ಆಗಲೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗ್ರೀಸಣ್ಣನಿಗೇ ಕೊಟ್ಬಿಡೋಣ." ಅಂದಿನಿಂದ ಅವನು ಬಾಯಲ್ಲಿ ಆಗಲಿ ಎನ್ನುತ್ತ, ಒಳಗೊಳಗೇ ಆಗದಿರಲಿ ಎಂದು ಹರಕೆ ಹೊತ್ತವನಂತೆ ತಿರುಗಿದ್ದ. ಕೊನೆಗೆ ಟ್ಯಾಂಕು ಎತ್ತಿ ಹಳೆಯ ಕಾಯಿಲ್ ಬಿಚ್ಚಿದಾಗ ಅದಕ್ಕೆ ಸುತ್ತಿದ್ದ ಬಿಳಿ ಟೇಪು ಕಂಡಿತು. ಲೈನ್‌ಮನ್ನನ ದುಂಡು ಅಕ್ಷರ: ೬ + ೬.

ಅವಳು ಹುಟ್ಟಿದ್ದು ಆರನೇ ತಿಂಗಳ ಆರನೇ ತಾರೀಕು.

ಬೈಕಿನ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಹೆಂಡತಿಯ ಹುಟ್ಟಿದ ದಿನ ಬರೆದಿಟ್ಟುಕೊಂಡಿದ್ದಾನೆ ಮಹಾರಾಯ. ತಾನೋ, ಹೋದ ವರ್ಷ ಎರಡು ದಿನ ತಡವಾಗಿ ನೆನಪು ಮಾಡಿಕೊಂಡು ಬೈಸಿಕೊಂಡವನು. ಅವನು ಟೇಪನ್ನು ಕಿತ್ತು ಜೇಬಿಗೆ ತುರುಕಿದ್ದ.

ಭಾನುವಾರ ಬೆಳಿಗ್ಗೆ ಹೊಸ ಜೊತೆಯನ್ನು ಕೂರಿಸಿ, ಇದ್ದ ವೈರುಗಳನ್ನು ಇದ್ದ ಹಾಗೇ ಸಿಕ್ಕಿಸಿದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅವನು ಕಿಕ್ಕರ್ ಒದ್ದ. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಹತ್ತು ಸಲ ಒದ್ದ, ಅಂಗಿ ಬೆನ್ನಿಗೆ ಅಂಟಿತು. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ಬರುತ್ತಿತ್ತು, ಆದರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ.

"ಆಯ್ತು ಬಿಡಿ," ಎಂದಳು ಅವಳು. "ನೀವೂ ಎಷ್ಟೂಂತ ಒದೀತೀರಿ. ನಾಳೆ ಕೊಟ್ಬಿಡಿ." ಹಳೇ ಬನಿಯನ್ನು ತೆಗೆದುಕೊಂಡು, ನಾಳೆ ಹೋಗುವ ಬೈಕಿನ ಟ್ಯಾಂಕನ್ನು ಒರೆಸತೊಡಗಿದಳು.

ಅವನು ಗೆದ್ದಿದ್ದ. ಗೆದ್ದವನಿಗೆ ಬರುವ ದೊಡ್ಡ ಮನಸ್ಸು ಅವನಿಗೂ ಬಂತು. ಅದರೊಳಗೆ ಒಂದಿಷ್ಟು ವಿಷವೂ ಇತ್ತು. ಜೇಬಿನಿಂದ ಟೇಪು ತೆಗೆದು ಸೀಟಿನ ಮೇಲಿಟ್ಟ. "ಇದನ್ನಾದ್ರೂ ಇಟ್ಕೋ. ಕಾಯಿಲ್ ಮೇಲೆ ನಿನ್ನ ಹುಟ್ಟಿದ ದಿನ ಬರೆದಿಟ್ಟಿದ್ರು ನಿಮ್ಮವರು."

ಅವಳು ಟೇಪನ್ನು ಬಿಡಿಸಿ ಓದಿದಳು. ಅವನ ಮುಖ ನೋಡಿದಳು. ಆಮೇಲೆ ನಕ್ಕಳು, ಮೂರು ವರ್ಷದಲ್ಲಿ ಅವನು ಕೇಳಿರದಷ್ಟು ಜೋರಾಗಿ.

"ನನ್ನ ಹುಟ್ಟಿದ ದಿನಾನಾ? ಅವರಿಗೆ ಒಂದು ವರ್ಷನೂ ನೆನಪಿರ್ಲಿಲ್ಲ ರೀ. ಇದು ವೋಲ್ಟು. ಇದನ್ನ ಕಟ್ಟುವಾಗ ಬ್ಯಾಟರಿ ಹಿಡ್ಕೊಂಡು ನಿಂತಿದ್ದು ನಾನೇ. ಎರಡು ಕಾಯಿಲ್ಲೂ ಒಂದೇ ಸಾಲಲ್ಲಿವೆ, ಹನ್ನೆರಡನ್ನ ಹಂಚ್ಕೋತವೆ, ತಲಾ ಆರು. ನೀವು ಎಷ್ಟರದ್ದು ತಂದ್ರಿ?"

"ಹನ್ನೆರಡರದ್ದು," ಎಂದ. ದನಿ ಅವನಿಗೇ ಕೇಳಿಸಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ." ನಗು ಅವಳ ಮುಖದಿಂದ ಇಳಿದಿತ್ತು. "ಮೂರು ವರ್ಷ ಆಯ್ತು. ಅವರ ವಿಷಯ ಒಂದು ದಿನ, ಒಂದೇ ಒಂದು ಮಾತು ಕೇಳಿದ್ದೀರಾ?"

ಅವನು ಕಾಯಿಲ್‌ಗಳನ್ನು ಬಿಚ್ಚಿಕೊಂಡು ಹೋದ. ಗ್ರೀಸಣ್ಣ ಸ್ಕ್ರೂ ಗುರುತು ನೋಡಿ ಮುಖ ಗಂಟಿಕ್ಕಿ, "ಕೂರಿಸಿದ ಮಾಲು ವಾಪಸ್ ತಗೊಳ್ಳಲ್ಲ ಸಾರ್, ಬೇಕಾದ್ರೆ ಬದಲಿಗೆ ಆ ಗುಜರೀದು ಒಯ್ಯಿರಿ" ಎಂದ. ಇವನು ಹೊಸದು ಕೊಟ್ಟು ಗುಜರಿಯದನ್ನು ತಂದ. ಈ ಸಲ ಅವಳೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾವ ವೈರು ಎಲ್ಲಿಗೆಂದು ಬೆರಳಿಟ್ಟು ತೋರಿಸಿದಳು. ಆ ಬೆರಳಿಗೆ ಎಲ್ಲವೂ ಗೊತ್ತಿತ್ತು. ಅದನ್ನು ನೋಡುತ್ತ ಅವನಿಗೆ ಮತ್ತೆ ಅಸೂಯೆಯಾಯಿತು, ಸುಳ್ಳೇಕೆ. ಹಳೆಯ ಟೇಪಿನಲ್ಲಿ ಅಂಟು ಉಳಿದಿರಲಿಲ್ಲ. ಅವಳು ಹೊಸ ತುಂಡು ಹರಿದು ಅವನ ಕೈಗೆ ಕೊಟ್ಟಳು. "ನೀವೇ ಬರೀರಿ."

ಬರೆದ. ಅವನ ಅಕ್ಷರ ದುಂಡಗಿರಲಿಲ್ಲ.

ಅವನು ಒದೆಯಲು ಕಾಲೆತ್ತಿದಾಗ ಅವಳು, "ಸರೀರಿ ಸ್ವಲ್ಪ" ಎಂದಳು. ತೋಳೇರಿಸಿ ಒಂದೇ ಒದೆತ ಕೊಟ್ಟಳು. ಎಂಜಿನ್ನು ಎರಡೂ ಕಡೆಯಿಂದ ಒಟ್ಟಿಗೆ ಗುಡುಗಿತು. ಶೆಡ್ಡಿನ ತಗಡುಗಳು ನಡುಗಿದವು. ಅವಳು ಮುಂದಿನ ಸೀಟಿಗೆ ಕಾಲು ಹಾಕಿ ಕೂತು, ಅಭ್ಯಾಸವಾದವಳ ಹಾಗೆ ಹ್ಯಾಂಡಲ್ಲು ಹಿಡಿದು ತಿರುಗಿ ನೋಡಿದಳು.

"ನೀನು ಓಡಿಸ್ತೀಯಾ?"

"ಮತ್ತಿನ್ಯಾರು ಓಡಿಸ್ತಿದ್ರು ಅಂದ್ಕೊಂಡ್ರಿ? ಅಷ್ಟೆತ್ತರದ ಕಂಬ ಹತ್ತೋ ಮನುಷ್ಯ, ಬೈಕು ಅಂದ್ರೆ ಕೈಕಾಲು ನಡುಗೋದು. ರಿಪೇರಿ ಅವರದ್ದು, ಓಡಿಸೋದು ನಂದು. ಹಿಂದೆ ಕೂತು ಕಣ್ಣು ಮುಚ್ಕೋತಿದ್ರು. ಹತ್ತಿ."

ಅವನು ಹತ್ತಿದ. ಬೈಕು ಶೆಡ್ಡಿನ ಹೊಸ್ತಿಲು ದಾಟಿ ಬೀದಿಗೆ ಹಾರಿದಂತೆ ಇಳಿಯಿತು. ಅವನು ಗಾಬರಿಯಾಗಿ ಕೈ ಹಿಂದಕ್ಕೆ ಚಾಚಿ ಕಂಬಿ ಹಿಡಿದುಕೊಂಡ. ಬಣ್ಣ ಸವೆದ ಎರಡು ಜಾಗಗಳು ಅವನ ಅಂಗೈಗಳಿಗೆ ಸರಿಯಾಗಿ ಕೂತವು.